ತಲೆಗೆ ಮೂವತ್ತಮೂರು

ಇಪ್ಪತ್ತೆರಡು ವರ್ಷ ಪಾಠ ಮಾಡಿದವನು ಹುಡುಗರಿಗೆ ಬೈದದ್ದನ್ನೆಲ್ಲ ನೆನಪಿಟ್ಟುಕೊಂಡು ಕೂತರೆ ಬದುಕು ಸಾಗುವುದಿಲ್ಲ. ಬೆಳಿಗ್ಗೆ ಬೈದದ್ದು ಸಂಜೆ ಕಾಫಿಯ ಹೊತ್ತಿಗೆ ಮರೆತುಹೋಗಿರುತ್ತದೆ. ಆದರೆ 2023ರ ಡಿಸೆಂಬರಿನಲ್ಲಿ ಅಮೃತಸರದ ಒಂದು ಓಣಿಯಲ್ಲಿ ಎರಡನೇ ವರ್ಷದ ಬಿ.ಎ. ಹುಡುಗನೊಬ್ಬನಿಗೆ ಎಲ್ಲರ ಮುಂದೆ ಆಡಿದ ಮಾತೊಂದು ಮಾತ್ರ ಅಂಗಾಲಿಗೆ ಹೊಕ್ಕ ಜಾಲಿಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿದೆ. ದೊಡ್ಡ ಮಾತೇನಲ್ಲ. "ಏನೋ, ಇದೇನು ಜಾತ್ರೆ ಅಂದ್ಕೊಂಡಿದೀಯಾ?" ಅಂದಿದ್ದೆ. ನೀವೂ ಯಾರಿಗಾದರೂ ಅಂದಿರುತ್ತೀರಿ. ಗಲಾಟೆ ಮಾಡುವ ಮಕ್ಕಳಿಗೆ ಮೇಷ್ಟ್ರಾದವರು ಹೇಳುವ ಮಾತುಗಳಲ್ಲಿ "ಇದೇನು ಸಂತೆನಾ" ಬಿಟ್ಟರೆ ಅದೇ. ಅದು ಯಾಕೆ ನನ್ನನ್ನು ಬಿಡುತ್ತಿಲ್ಲ ಎನ್ನುವುದು ನನಗೆ ತಿಳಿದದ್ದು ತುಂಡು ತುಂಡಾಗಿ, ಒಂದಿಷ್ಟು ಅಲ್ಲೇ, ಒಂದಿಷ್ಟು ವಾಪಸು ಬರುವ ರೈಲಿನಲ್ಲಿ, ಉಳಿದದ್ದು ನಮ್ಮೂರ ಪಕ್ಕದಲ್ಲೇ.

ಕಾಲೇಜು ಪ್ರವಾಸವೆಂದರೆ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. 42 ಹುಡುಗ ಹುಡುಗಿಯರು. ನಾನು, ಇಂಗ್ಲಿಷ್ ಮೇಡಂ, ದೈಹಿಕ ಶಿಕ್ಷಣದ ಮೇಷ್ಟ್ರು, ಹೀಗೆ ಮೂವರು ಕಾವಲಿಗೆ. ಚಕ್ಕುಲಿ ನಿಪ್ಪಟ್ಟಿನ ಡಬ್ಬಗಳು, ವಾಂತಿಗೆಂದು ನಿಂಬೆಹಣ್ಣು, ರಾತ್ರಿಯೆಲ್ಲ ಅಂತ್ಯಾಕ್ಷರಿ. ದೆಹಲಿ, ಆಗ್ರಾ ಮುಗಿಸಿಕೊಂಡು ಅಮೃತಸರಕ್ಕೆ ಒಂದೇ ಒಂದು ದಿನ. ಆ ದಿನದ ಪಟ್ಟಿಯನ್ನು ಟೈಪು ಮಾಡಿ ಎಲ್ಲರ ಕೈಗೂ ಕೊಟ್ಟವನು ನಾನೇ. ಬೆಳಿಗ್ಗೆ 6ಕ್ಕೆ ಸ್ವರ್ಣಮಂದಿರ, 10ಕ್ಕೆ ಜಲಿಯನ್‌ವಾಲಾ ಬಾಗ್, ಆವರಣದಲ್ಲಿ 45 ನಿಮಿಷ, 11ಕ್ಕೆ ದೇಶ ವಿಭಜನೆಯ ಮ್ಯೂಸಿಯಂ, 1ಕ್ಕೆ ಊಟ, 2.30ಕ್ಕೆ ಬಸ್ಸು ಹತ್ತಿ ಅಟ್ಟಾರಿ ಗಡಿ. ಆ ಹಾಳೆ ಈಗಲೂ ನನ್ನ ಡೈರಿಯೊಳಗಿದೆ. ಹತ್ಯಾಕಾಂಡಕ್ಕೆ ಮುಕ್ಕಾಲು ಗಂಟೆ, ದೇಶ ಒಡೆದುಹೋದದ್ದಕ್ಕೆ ಎರಡು ಗಂಟೆ, ಅದರ ಬೆನ್ನಿಗೆ ಊಟ. ಟೈಪು ಮಾಡುವಾಗ ಏನೂ ಅನ್ನಿಸಿರಲಿಲ್ಲ.

ಸ್ವರ್ಣಮಂದಿರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಂಜು ಮುಸುಕಿತ್ತು, ಅಮೃತಶಿಲೆ ಬರಿಗಾಲಿಗೆ ಐಸಿನ ಹಾಗಿತ್ತು, ಕೆರೆಯ ನೀರಿನಿಂದ ಹಬೆ ಏಳುತ್ತಿತ್ತು. ಹುಡುಗರು ತಲೆಗೆ ಕೇಸರಿ ವಸ್ತ್ರ ಕಟ್ಟಿಕೊಂಡು ಒಬ್ಬರನ್ನೊಬ್ಬರು ಗುರುತಿಸಲಾರದೆ ನಕ್ಕರು. ಲಂಗರಿನ ಸಾಲಿನಲ್ಲಿ ಕೂತು ರೊಟ್ಟಿ, ದಾಲ್, ಖೀರು ತಿಂದರು. ಧರ್ಮಸ್ಥಳದ ಪಂಕ್ತಿಯಲ್ಲಿ ಉಂಡ ಮಕ್ಕಳಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ. ರೊಟ್ಟಿಗೆ ಎರಡೂ ಕೈ ಒಡ್ಡಬೇಕು ಎನ್ನುವುದೊಂದು ಹೊಸತು, ಅಷ್ಟೇ.

ಓಣಿ

ಮಂದಿರದ ಬಾಗಿಲಿನಿಂದ ಬಾಗ್‌ಗೆ ಐದೇ ನಿಮಿಷದ ನಡಿಗೆ. ನಾನು ಮೊದಲು ಹೋಗಿದ್ದು 2009ರಲ್ಲಿ. ಆಗ ಆ ಓಣಿ ಬರೀ ಇಟ್ಟಿಗೆಯ ಓಣಿ. ಎರಡು ಗೋಡೆಗಳ ನಡುವೆ ಮೂರು ಜನ ಅಕ್ಕಪಕ್ಕ ನಡೆದರೆ ಭುಜ ಉಜ್ಜುವಷ್ಟು ಇಕ್ಕಟ್ಟು. ಅದರೊಳಗೆ ಕಾಲಿಟ್ಟರೆ ಸಾಕು, ಯಾರೂ ಏನೂ ಹೇಳಬೇಕಾಗಿರಲಿಲ್ಲ. 1919ರಲ್ಲಿ ಇಲ್ಲಿ ಗುಂಡು ಹಾರಿಸಲು ಆಜ್ಞೆ ಕೊಟ್ಟ ಬ್ರಿಟಿಷ್ ಸೇನಾಧಿಕಾರಿ ಡಯರ್ ತಂದಿದ್ದ ಎರಡು ಶಸ್ತ್ರಸಜ್ಜಿತ ಕಾರುಗಳು ಒಳಗೆ ಬರಲಾಗದೆ ಹೊರಗೇ ನಿಂತದ್ದು ಈ ಇಕ್ಕಟ್ಟಿನಿಂದಲೇ. ದಾರಿ ಅಗಲವಿದ್ದಿದ್ದರೆ ಅವುಗಳ ಮೇಲಿನ ಮೆಷಿನ್‌ಗನ್ನುಗಳನ್ನೂ ಬಳಸುತ್ತಿದ್ದೆ ಎಂದು ಆತ ಸರ್ಕಾರ ನೇಮಿಸಿದ ಹಂಟರ್ ವಿಚಾರಣಾ ಸಮಿತಿಯ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದ. 2021ರಲ್ಲಿ ಜಾಗವನ್ನೆಲ್ಲ ಹೊಸದು ಮಾಡಿದರು. ಈಗ ಓಣಿಯ ಎರಡೂ ಗೋಡೆಯ ಮೇಲೆ ಉಬ್ಬುಶಿಲ್ಪಗಳು: ಪೇಟ ಕಟ್ಟಿದ ಗಂಡಸರು, ಮಗುವನ್ನು ಎತ್ತಿಕೊಂಡ ಹೆಂಗಸು, ಮುದುಕರು, ಹುಡುಗರು, ಎಲ್ಲರೂ ನಗುಮುಖದಲ್ಲಿ ಒಳಕ್ಕೆ ನಡೆಯುತ್ತಿದ್ದಾರೆ. ನನಗೆ ಹಿಡಿಸಲಿಲ್ಲ. ಸುಮ್ಮನೆ ಇದ್ದ ಗೋಡೆ ಹೇಳುತ್ತಿದ್ದಷ್ಟನ್ನು ಈ ಮೂರ್ತಿಗಳೆಲ್ಲ ಸೇರಿದರೂ ಹೇಳುತ್ತಿಲ್ಲ ಎಂದು ಇಂಗ್ಲಿಷ್ ಮೇಡಂ ಹತ್ತಿರ ಗೊಣಗಿಕೊಂಡು ನಡೆಯುತ್ತಿದ್ದೆ.

ಅಷ್ಟರಲ್ಲಿ ಮುಂದಿನಿಂದ ನಗು ಕೇಳಿಸಿತು. ನಮ್ಮ ಹುಡುಗನೊಬ್ಬ ಗೋಡೆಗೆ ಬೆನ್ನು ಹಚ್ಚಿ, ಒಂದು ಮೂರ್ತಿಯ ಪಕ್ಕದಲ್ಲಿ ಅದೇ ಭಂಗಿಯಲ್ಲಿ ನಿಂತಿದ್ದ. ಕೈ ಅದೇ ರೀತಿ, ತಲೆ ಅದೇ ರೀತಿ, ಬಾಯಿ ಅದೇ ರೀತಿ ಅರ್ಧ ತೆರೆದುಕೊಂಡು. ಬೆಳಿಗ್ಗೆ ಕಟ್ಟಿದ ಕೇಸರಿ ವಸ್ತ್ರ ಇನ್ನೂ ತಲೆಯ ಮೇಲಿತ್ತು. ಸತ್ಯ ಹೇಳಬೇಕೆಂದರೆ ಬಹಳ ಚೆನ್ನಾಗಿ ಮಾಡಿದ್ದ. ಮೊಬೈಲು ಹಿಡಿದ ಗೆಳೆಯನಿಗೆ ನಗು ತಡೆಯಲಾಗದೆ ಕೈ ಅಲುಗುತ್ತಿತ್ತು. ಹಿಂದೆ ಪಂಜಾಬಿ ಕುಟುಂಬವೊಂದು ದಾರಿಗಾಗಿ ಕಾದು ನಿಂತಿತ್ತು. ನನಗೆ ಎಲ್ಲಿತ್ತೋ ಸಿಟ್ಟು. ಆಗ ಆಡಿದ್ದು ಆ ಮಾತು. ಹುಡುಗ ಮುಖ ಇಳಿಸಿಕೊಂಡು, ತಲೆಯ ವಸ್ತ್ರ ಬಿಚ್ಚಿ ಜೇಬಿಗೆ ತುರುಕಿ, ಗುಂಪಿನ ಹಿಂದಕ್ಕೆ ಹೋದ. ಇಡೀ ಗುಂಪು ಮೌನವಾಯಿತು. ನಾನು ಬಯಸಿದ್ದ ಗಂಭೀರ ಮುಖಗಳು ನಲವತ್ತೆರಡೂ ಸಿಕ್ಕವು. ಆ ಮುಖಗಳ ಹಿಂದೆ ಏನೂ ನಡೆಯುತ್ತಿರಲಿಲ್ಲ ಎನ್ನುವುದು ಯಾವ ಮೇಷ್ಟ್ರಿಗಾದರೂ ಗೊತ್ತಾಗುತ್ತದೆ.

ಲೆಕ್ಕದ ಹುಡುಗಿ

ಒಳಗೆ ಹುಲ್ಲುಹಾಸಿನ ಮೇಲೆ ಎಲ್ಲರನ್ನೂ ಕೂರಿಸಿ ನನ್ನ ಪಾಠ ಶುರುಮಾಡಿದೆ. ರೌಲತ್ ಕಾಯಿದೆ, ಏಪ್ರಿಲ್ 10ರಂದು ಊರಿನ ಮುಂದಾಳುಗಳಾದ ಸತ್ಯಪಾಲ್ ಮತ್ತು ಕಿಚ್ಲೂ ಅವರ ಬಂಧನ, 13ರಂದು ಬೈಸಾಖಿ ಹಬ್ಬ, ಸಂಜೆ ಐದರ ಸುಮಾರಿಗೆ ಡಯರ್ ಬಂದದ್ದು. ತರಗತಿಯಲ್ಲಿ ಹೇಳುವುದನ್ನೇ ಸ್ವಲ್ಪ ಗಟ್ಟಿಯಾಗಿ ಹೇಳಿದೆ. "ನಿರಾಯುಧ ಜನರ ಮೇಲೆ ಗುಂಡಿನ ಮಳೆಗರೆದ" ಎನ್ನುವಲ್ಲಿ ಯಾವಾಗಲೂ ಕೊಡುವ ಒಂದು ವಿರಾಮವನ್ನೂ ಕೊಟ್ಟೆ. ಆಮೇಲೆ ಹತ್ತು ನಿಮಿಷ ನೋಡಿಕೊಂಡು ಬನ್ನಿ ಎಂದು ಬಿಟ್ಟೆ.

ನಮ್ಮ ತಂಡದಲ್ಲಿ ಅಂತಿಮ ಬಿ.ಕಾಂ.ನ ಹುಡುಗಿಯೊಬ್ಬಳಿದ್ದಳು. ಪ್ರವಾಸದ ದುಡ್ಡಿನ ಲೆಕ್ಕ ಅವಳದೇ. ಕೆಂಪು ಬೈಂಡಿನ ಪುಸ್ತಕ ಹಿಡಿದುಕೊಂಡು ದಿನಾ ರಾತ್ರಿ ಊಟ, ಆಟೋ, ಟಿಕೆಟ್ ಎಲ್ಲ ಕೂಡಿಸಿ, "ಇವತ್ತು ತಲೆಗೆ 340 ಆಯ್ತು ಸರ್" ಎಂದು ಒಪ್ಪಿಸುತ್ತಿದ್ದಳು. ಒಂದು ರೂಪಾಯಿ ಆಚೀಚೆ ಆದರೂ "ಟ್ಯಾಲಿ ಆಗ್ತಿಲ್ಲ" ಎಂದು ಮಲಗುತ್ತಿರಲಿಲ್ಲ. ಅವಳು ನನ್ನ ಹತ್ತಿರ ಬಂದಳು.

"ಸರ್, 1650 ರೌಂಡು ಅಂದ್ರಿ. ಹೊಡೆದೋರು ಎಷ್ಟು ಜನ?"

"ಬಂದೂಕು ಇದ್ದೋರು ಐವತ್ತು."

"ತಲೆಗೆ ಮೂವತ್ತಮೂರು."

ಊಟದ ಖರ್ಚು ಹೇಳುವ ದನಿಯಲ್ಲೇ ಹೇಳಿದಳು. ಇವಳಿಗೂ ಬೈಯಬೇಕೆಂದು ಬಾಯಿಗೆ ಬಂತು. ಒಂದು ಸಲ ಬೈದಾಗಿತ್ತಲ್ಲ, ಸುಮ್ಮನಾದೆ.

"ಎಷ್ಟು ಹೊತ್ತು ಸರ್?"

"ಸುಮಾರು ಹತ್ತು ನಿಮಿಷ."

ಮೊಬೈಲಿನಲ್ಲಿ ಒತ್ತಿದಳು. "ಒಬ್ಬೊಬ್ಬ ಹದಿನೆಂಟು ಸೆಕೆಂಡಿಗೆ ಒಂದು. ಆ ಬಂದೂಕಿಗೆ ಒಂದ್ಸಲಕ್ಕೆ ಎಷ್ಟು ಹಿಡಿಯುತ್ತೆ?"

.303 ರೈಫಲು, ಹತ್ತು ಹಿಡಿಯುತ್ತದೆ ಎಂದೆ. "ಹಾಗಾದ್ರೆ ಮಧ್ಯದಲ್ಲಿ ಮೂರು ಸಲ ತುಂಬಿದಾರೆ" ಎಂದಳು. ಆಮೇಲೆ ಅವಳು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ತೆರೆದು, ಸಿಪಾಯಿಗಳು ನಿಂತಿದ್ದ ಎತ್ತರದ ಕಡೆ ಒಮ್ಮೆ, ಎದುರಿನ ಗೋಡೆಯ ಕಡೆ ಒಮ್ಮೆ ನೋಡಿ, ಬೆರಳು ಒತ್ತಿದಳು. ನಾನೂ ಜೊತೆಯಲ್ಲಿ ನಿಂತೆ. ಒಂದು, ಎರಡು, ಮೂರು... ಐದಕ್ಕೆಲ್ಲ ನನಗೆ ಬೇಸರ ಬಂತು. ಹತ್ತಕ್ಕೆ ದೂರದಲ್ಲಿ ಯಾರೋ ಮಗುವನ್ನು ಕರೆದರು. ಹದಿನಾಲ್ಕಕ್ಕೆ ಆ ಮಗು ಓಡಿ ಬಂದು ಅಮ್ಮನ ಕಾಲು ಹಿಡಿದುಕೊಂಡಿತು. ಹದಿನೆಂಟಕ್ಕೆ ಬೆರಳು ತೆಗೆದಳು.

"ತುಂಬಾ ಟೈಮಿದೆ ಸರ್" ಎಂದಳು.

ಅಷ್ಟೇ. ಅದಕ್ಕಿಂತ ಹೆಚ್ಚು ಅವಳೂ ಹೇಳಲಿಲ್ಲ. ಆದರೆ ನನ್ನ ಇಪ್ಪತ್ತೆರಡು ವರ್ಷದ "ಗುಂಡಿನ ಮಳೆ" ಅಲ್ಲೇ ನಿಂತುಹೋಯಿತು. ಮಳೆ ಯಾರನ್ನೂ ನೋಡಿ ಸುರಿಯುವುದಿಲ್ಲ. ಹದಿನೆಂಟು ಸೆಕೆಂಡಿಗೊಂದು ಹನಿ ಬಿದ್ದರೆ ಅದನ್ನು ಯಾರೂ ಮಳೆ ಎನ್ನುವುದೂ ಇಲ್ಲ. ಪಳಗಿದ ಸಿಪಾಯಿ ಆ ಬಂದೂಕಿನಲ್ಲಿ ನಿಮಿಷಕ್ಕೆ ಹದಿನೈದು ಗುಂಡು ಗುರಿಯಿಟ್ಟು ಹಾರಿಸಬಲ್ಲವನಾಗಿದ್ದ. ಇಲ್ಲಿ ನಿಮಿಷಕ್ಕೆ ಮೂರೋ ನಾಲ್ಕೋ. ಹಾರಿಸಿ, ಬೋಲ್ಟ್ ಎಳೆದು, ನೋಡಿ, ಜನ ಎಲ್ಲಿ ದಟ್ಟವಾಗಿದ್ದಾರೆಂದು ಆಯ್ದು, ಮತ್ತೆ ಹಾರಿಸುವಷ್ಟು ವ್ಯವಧಾನ. ಜನ ದಟ್ಟವಾಗಿದ್ದ ಕಡೆಗೇ ಗುಂಡು ತಿರುಗಿಸಲಾಯಿತು ಎನ್ನುವುದು ಹಂಟರ್ ಸಮಿತಿಯ ಮುಂದೆ ಬಂದ ವಿಷಯವೇ. ಮದ್ದುಗುಂಡು ಮುಗಿಯುತ್ತ ಬಂದಾಗ ಡಯರ್ ನಿಲ್ಲಿಸಿದ. ಇದೆಲ್ಲ ನಾನು ಓದಿದ್ದೆ, ಬೇಕಾದರೆ ಪುಟ ಸಮೇತ ಹೇಳಬಲ್ಲೆ. ಮಳೆ ಎನ್ನುವ ಒಂದು ಚಂದದ ಶಬ್ದ ಅದನ್ನೆಲ್ಲ ನನ್ನಿಂದಲೇ ಮರೆಸಿತ್ತು. ಪರೀಕ್ಷೆಯಲ್ಲಿ ಇದು ಒಂದು ಅಂಕದ ಪ್ರಶ್ನೆ: ಯಾವ ವರ್ಷ? ಹುಡುಗರು ಬರೆಯುತ್ತಾರೆ, ನಾನು ಟಿಕ್ ಹಾಕುತ್ತೇನೆ.

ಹುಡುಗಿ ಸತ್ತವರ ಸಂಖ್ಯೆಗೆ ಬಂದಳು. ಸರ್ಕಾರದ ಲೆಕ್ಕ 379. ಕಾಂಗ್ರೆಸ್ಸಿನ ವಿಚಾರಣಾ ಸಮಿತಿ ಸಾವಿರದ ಹತ್ತಿರ ಹೇಳಿತು. "ಎರಡರಲ್ಲಿ ಯಾವುದನ್ನ ಬರೀಬೇಕು ಸರ್?" ಪರೀಕ್ಷೆಗೆ 379 ಬರಿ ಎಂದೆ, ಎಂಥ ಉತ್ತರ ನೋಡಿ. ಅವಳು ಬಾವಿಯ ಕಡೆ ನೋಡುತ್ತಿದ್ದಳು. ಅದಕ್ಕೀಗ ಗಾಜಿನ ಆವರಣ ಕಟ್ಟಿದ್ದಾರೆ, ಇಣುಕಿದರೆ ಒಳಗಿನ ಆಳಕ್ಕಿಂತ ಮೊದಲು ನಮ್ಮ ಮುಖವೇ ಕಾಣಿಸುತ್ತದೆ. ಆ ಬಾವಿಯಿಂದ 120 ಹೆಣ ತೆಗೆದರೆಂದು ಅಲ್ಲಿನ ಫಲಕ ಹೇಳುತ್ತದೆ.

"ಬಾವಿಗೆ ಬಿದ್ದೋರಿಗೆ ಗುಂಡೇ ತಗಲಿಲ್ವಲ್ಲ ಸರ್. ಅವರನ್ನ ಯಾವ ಕಾಲಮ್ಮಿಗೆ ಹಾಕ್ತಾರೆ?"

ಎಮ್ಮೆ

ಆಮೇಲೆ ನಾನು ಪಾಠ ಮುಂದುವರಿಸಲಿಲ್ಲ. ರತನ್ ದೇವಿಯ ಕಥೆ ಹೇಳಿದೆ. ಅದನ್ನು ತರಗತಿಯಲ್ಲಿ ಎಂದೂ ಹೇಳಿರಲಿಲ್ಲ, ಸಿಲಬಸ್ಸಿನಲ್ಲಿಲ್ಲ. ಬಾಗ್‌ನ ಹತ್ತಿರವೇ ಮನೆ ಆಕೆಯದು. ಗುಂಡಿನ ಸದ್ದು ಕೇಳಿ ಓಡಿ ಬಂದು, ಹೆಣಗಳ ನಡುವೆ ಹುಡುಕಿ, ಗಂಡನನ್ನು ಕಂಡಳು. ಮನೆಗೆ ಸಾಗಿಸಲು ಒಂದು ಚಾರ್ಪಾಯಿ (ಹಗ್ಗದ ಮಂಚ) ತನ್ನಿರೆಂದು ಪರಿಚಯದ ಹುಡುಗರನ್ನು ಕಳಿಸಿದಳು. ಎಂಟು ಗಂಟೆಗೆ ಕರ್ಫ್ಯೂ. ಆಮೇಲೆ ಹೊರಗೆ ಕಾಲಿಟ್ಟವರಿಗೆ ಗುಂಡು. ಯಾರೂ ಬರಲಿಲ್ಲ. ಗಂಡನ ತಲೆಯನ್ನು ಹತ್ತಿರ ಇಟ್ಟುಕೊಂಡು ಇಡೀ ರಾತ್ರಿ ಅಲ್ಲೇ ಕೂತಳು. ನಾಯಿಗಳನ್ನು ಓಡಿಸಲು ಕೈಯಲ್ಲೊಂದು ಬಿದಿರು ಕೋಲು. ಪಕ್ಕದಲ್ಲಿ ಹನ್ನೆರಡರ ಹುಡುಗನೊಬ್ಬ, ನನ್ನನ್ನು ಬಿಟ್ಟು ಹೋಗಬೇಡಿ ಎಂದು ಅಂಗಲಾಚುತ್ತಿದ್ದ. ನನ್ನ ಗಂಡನ ಹೆಣ ಇಲ್ಲಿರುವಾಗ ನಾನೆಲ್ಲಿ ಹೋಗಲಿ ಎನ್ನುವ ಹಾಗೆ ಕೂತ ಆಕೆ, ಚಳಿಯಾದರೆ ಹೊದಿಸಲೇ ಎಂದು ಅವನನ್ನು ಕೇಳಿದಳು. ಅವನು ನೀರು ಕೇಳಿದ. ನೀರು ಅಲ್ಲಿರಲಿಲ್ಲ. ಅಲ್ಲೇ ಒಂದು ಎಮ್ಮೆಯೂ ಗಾಯಗೊಂಡು ಒದ್ದಾಡುತ್ತಿತ್ತು. ಇದನ್ನೆಲ್ಲ ಆಕೆ ಕಾಂಗ್ರೆಸ್ಸಿನ ಸಮಿತಿಗೆ ಹೇಳಿಕೆಯಾಗಿ ಬರೆಸಿದ್ದಾಳೆ.

ಯಾರೂ ಅಳಲಿಲ್ಲ. (ಅಳುತ್ತಾರೆಂದು ಮನಸ್ಸಿನ ಒಂದು ಮೂಲೆಯಲ್ಲಿ ಕಾಯುತ್ತಿದ್ದೆನೇನೋ. ಮೇಷ್ಟ್ರ ಕೆಟ್ಟ ಚಾಳಿ ಅದು.) ಬದಲಿಗೆ ಗುಂಪಿನ ಹಿಂದಿನಿಂದ ಒಂದು ಪ್ರಶ್ನೆ ಬಂತು. ಬೈಸಿಕೊಂಡಿದ್ದ ಅದೇ ಹುಡುಗ.

"ಸರ್, ಎಮ್ಮೆ ಯಾಕಿತ್ತು ಅಲ್ಲಿ?"

ಕೆಲವರು ಕಿಸಕ್ಕನೆ ನಕ್ಕು, ನನ್ನ ಮುಖ ನೋಡಿ ನುಂಗಿಕೊಂಡರು. "ಇತ್ತಪ್ಪ, ಆಗ ಇದು ಪಾರ್ಕಲ್ಲ, ಖಾಲಿ ಜಾಗ" ಎಂದು ಹೇಳಿ, ಗಡಿಯಾರ ನೋಡಿ ಎಲ್ಲರನ್ನೂ ಎಬ್ಬಿಸಿದೆ. 45 ನಿಮಿಷ ಮುಗಿದಿತ್ತು. ಡಯರನ ತೆವಳುವ ಆಜ್ಞೆ ಜಾರಿಯಾಗಿದ್ದ ಕೂಚಾ ಕೌರಿಯಾಂವಾಲಾ ಎನ್ನುವ ಗಲ್ಲಿಯೂ ಇದೇ ಹಳೆಯ ಊರಿನಲ್ಲೇ ಇದೆ. ಅಲ್ಲಿ ಮನೆಯಿದ್ದವರು ಹೊರಗೆ ಬರಬೇಕಾದರೆ ಹೊಟ್ಟೆಯ ಮೇಲೆ ತೆವಳಬೇಕಿತ್ತು. ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ರಾತ್ರಿ ಹೋಟೆಲಿನಲ್ಲಿ ನಿದ್ದೆ ಬಾರದೆ ಬಿದ್ದುಕೊಂಡಾಗ ಎಮ್ಮೆ ನೆನಪಾಯಿತು. ಹುಡುಗನ ಮನೆಯಲ್ಲಿ ಎಮ್ಮೆ ಇರಬೇಕು, ಅದಕ್ಕೇ ಅವನಿಗೆ ಹೊಳೆಯಿತು. ನನಗೆ ಎಷ್ಟೋ ಸಲ ಓದಿದರೂ ಹೊಳೆದಿರಲಿಲ್ಲ. ಊರ ನಡುವಿನ ಬಯಲಲ್ಲಿ, ಸಭೆ ನಡೆಯುವ ಕಡೆ, ಎಮ್ಮೆ ಯಾಕೆ? ಯಾಕೆಂದರೆ ಅವತ್ತು ಬೈಸಾಖಿ. ಅಮೃತಸರದಲ್ಲಿ ಬೈಸಾಖಿಯೆಂದರೆ ದನಗಳ, ಕುದುರೆಗಳ ದೊಡ್ಡ ಜಾತ್ರೆ. ಸುತ್ತಲಿನ ಹಳ್ಳಿಗಳಿಂದ ಜನ ದನ ಮಾರಲು, ಕೊಳ್ಳಲು, ಕೆರೆಯಲ್ಲಿ ಮಿಂದು ದೇವರಿಗೆ ಕೈಮುಗಿಯಲು ಬಂದಿದ್ದರು. ಸಭೆ ಸೇರಬಾರದೆಂದು ಆ ಬೆಳಿಗ್ಗೆ ಊರಿನ ಹತ್ತೊಂಬತ್ತು ಕಡೆ ಡಂಗುರ ಸಾರಿಸಿದ್ದರು, ಆದರೆ ಊರಿಗೇ ಹೊಸಬರಾದವರಿಗೆ ಆ ಡಂಗುರ ಎಲ್ಲಿ ಕೇಳಬೇಕು? ರಾಜಕೀಯದ ಭಾಷಣ ಕೇಳಲು ಬಂದವರ ಜೊತೆ, ಕಾಲು ಚಾಚಿ ಕೂರಲು ಒಂದು ಜಾಗ ಸಿಕ್ಕಿತೆಂದು ಒಳಗೆ ಬಂದವರೂ ಸತ್ತರು. ಹಾಗಿರುವ ಊರಿನ ಬಯಲಲ್ಲಿ ಒಂದು ಎಮ್ಮೆ ಇದ್ದರೆ ಆಶ್ಚರ್ಯವೇನು.

ಇದೇನು ಜಾತ್ರೆ ಅಂದ್ಕೊಂಡಿದೀಯಾ, ಎಂದು ಕೇಳಿದ್ದೆ. ಹೌದು, ಜಾತ್ರೆಯೇ. ಆ ಓಣಿಯಲ್ಲಿ ಅವತ್ತು ನಡೆದು ಒಳಗೆ ಹೋದವರಲ್ಲಿ ನಗುತ್ತ ಹೋದವರು ಎಷ್ಟೋ ಜನ. ಹುಡುಗ ನಿಂತಿದ್ದು ಸರಿಯಾದ ಭಂಗಿಯಲ್ಲೇ. ಉಬ್ಬುಶಿಲ್ಪಗಳ ಬಗ್ಗೆ ನನಗೀಗಲೂ ಒಳ್ಳೆಯ ಅಭಿಪ್ರಾಯವಿಲ್ಲ, ಆದರೆ ಅವುಗಳ ಮುಖದ ನಗುವನ್ನು ತಪ್ಪು ಎನ್ನಲಾರೆ.

ನಗುವಿನ ವಿಷಯಕ್ಕೆ ಇನ್ನೊಂದು ಮಾತು. ಗುಂಡು ಹಾರಿಸದೆಯೂ ಜನರನ್ನು ಚದುರಿಸಬಹುದಿತ್ತಲ್ಲವೇ ಎಂದು ಹಂಟರ್ ಸಮಿತಿ ಡಯರನನ್ನು ಕೇಳಿತು. ಬಹುಶಃ ಚದುರಿಸಬಹುದಿತ್ತು, ಆದರೆ ಅವರು ಮತ್ತೆ ಬಂದು ನನ್ನನ್ನು ನೋಡಿ ನಗುತ್ತಿದ್ದರು, ನಾನು ಮೂರ್ಖನಾಗುತ್ತಿದ್ದೆ ಎಂಬರ್ಥದ ಉತ್ತರ ಕೊಟ್ಟ. ಈ ಉತ್ತರವನ್ನು ಸಾಮಾನ್ಯವಾಗಿ ಅವನ ದರ್ಪಕ್ಕೆ ಸಾಕ್ಷಿ ಎಂದು ಉದಾಹರಿಸುತ್ತಾರೆ. ನನಗೆ ಆ ರಾತ್ರಿ ಹಾಸಿಗೆಯಲ್ಲಿ ಅದು ಬೇರೆ ರೀತಿ ಕೇಳಿಸಿತು. ಪಡೆಯ ಮುಂದೆ ನಿಂತ ಯಜಮಾನನಿಗೆ ಎದುರಿನವರು ನಕ್ಕಾರೆಂಬ ಭಯ. ನನ್ನನ್ನು ಡಯರನ ಪಕ್ಕ ನಿಲ್ಲಿಸಿಕೊಳ್ಳುವಷ್ಟು ಅತಿರೇಕಕ್ಕೆ ಹೋಗುವುದಿಲ್ಲ. ಆದರೆ ಓಣಿಯಲ್ಲಿ ನನಗೆ ಬಂದ ಸಿಟ್ಟು ಸತ್ತವರ ಪರವಾಗಿ ಬಂದದ್ದೇ, ಇಲ್ಲ ಹಿಂದೆ ನಿಂತಿದ್ದ ಪಂಜಾಬಿ ಕುಟುಂಬ ನನ್ನನ್ನು ಎಂಥ ಮೇಷ್ಟ್ರು ಅಂದುಕೊಂಡಾರು ಎಂದು ಬಂದದ್ದೇ? ಎರಡನೆಯದೇ ಹೆಚ್ಚು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಉಳಿದ ಅರ್ಧ ದಿನ

ವಿಭಜನೆಯ ಮ್ಯೂಸಿಯಂ ಹಳೆಯ ಟೌನ್‌ಹಾಲ್ ಕಟ್ಟಡದಲ್ಲಿದೆ, 2017ರಲ್ಲಿ ತೆರೆದದ್ದು. ನಮ್ಮ ಕಡೆಯ ಮಕ್ಕಳಿಗೆ ಮನೆಯಲ್ಲಿ ವಿಭಜನೆಯ ನೆನಪಿಲ್ಲ, ಯಾರ ಅಜ್ಜಿಯೂ ಅದನ್ನು ಕಂಡವಳಲ್ಲ. ರ‍್ಯಾಡ್‌ಕ್ಲಿಫ್‌ನ ಗಡಿಗೆರೆಯ ನಕ್ಷೆಯ ಮುಂದೆ ಅವರು ನಿಲ್ಲಲೇ ಇಲ್ಲ. ನಿಂತದ್ದು ಪಂಜಾಬಿ ಕಸೂತಿಯ ಒಂದು ಫುಲ್ಕಾರಿ ಕೋಟು ಮತ್ತು ಒಂದು ಚರ್ಮದ ಪೆಟ್ಟಿಗೆಯ ಮುಂದೆ. ಮದುವೆ ನಿಶ್ಚಯವಾಗಿದ್ದ ಗಂಡು ಹೆಣ್ಣು ಗಲಭೆಯಲ್ಲಿ ಬೇರೆಬೇರೆಯಾಗಿ ಓಡಿಬಂದು ಅಮೃತಸರದ ನಿರಾಶ್ರಿತರ ಶಿಬಿರದ ಸಾಲಿನಲ್ಲಿ ಮತ್ತೆ ಸಿಕ್ಕಿದರಂತೆ. ಅವಳು ತಂದದ್ದು ಕೋಟು, ಅವನು ತಂದದ್ದು ಪೆಟ್ಟಿಗೆ. ಹುಡುಗಿಯರೆಲ್ಲ ಅದರ ಸುತ್ತ. ಕೊನೆಯಲ್ಲೊಂದು ಮರದಾಕೃತಿ ಇದೆ, ಬಂದವರು ಎಲೆಯಾಕಾರದ ಕಾಗದದ ಮೇಲೆ ಏನಾದರೂ ಬರೆದು ಅದಕ್ಕೆ ಕಟ್ಟಬಹುದು. ಶಾಂತಿ, ಪ್ರೀತಿ, ಜೈ ಹಿಂದ್ ಎಂದೆಲ್ಲ ನಮ್ಮವರೂ ಬರೆದರು. ಒಬ್ಬ ಮಾತ್ರ ತನ್ನ ಊರಿನ ಹೆಸರನ್ನು, ತಾಲೂಕು ಜಿಲ್ಲೆ ಸಮೇತ, ಕನ್ನಡದಲ್ಲಿ ಬರೆದು ಕಟ್ಟಿದ. ಯಾಕೋ ಎಂದರೆ "ಗೊತ್ತಿಲ್ಲ ಸರ್, ಊರು ಕಳ್ಕೊಂಡೋರ ಜಾಗ ಅಲ್ವಾ" ಎಂದ.

ಅಟ್ಟಾರಿಯ ಬಗ್ಗೆ ಏನು ಬರೆಯಲಿ. ಸ್ಟೇಡಿಯಮ್ಮಿನಂಥ ಮೆಟ್ಟಿಲುಗಳು, ಸ್ಪೀಕರಿನಲ್ಲಿ ಸಿನಿಮಾ ಹಾಡು, ಬಾವುಟ ಹಿಡಿದು ರಸ್ತೆಯಲ್ಲಿ ಕುಣಿಯುವ ಹೆಂಗಸರು, ಗೇಟಿನ ಆಚೆ ಪಾಕಿಸ್ತಾನದವರ ಸ್ಪೀಕರು. ಎರಡೂ ಕಡೆ ತಲೆಯೆತ್ತರಕ್ಕೆ ಕಾಲೆತ್ತುವ ಜವಾನರು. ನಮ್ಮ ಹುಡುಗಿಯರೂ ಇಳಿದು ಕುಣಿದರು, ಲೆಕ್ಕದ ಹುಡುಗಿ ಎಲ್ಲರಿಗಿಂತ ಜೋರು. ಬೆಳಿಗ್ಗೆ ನಕ್ಕದ್ದಕ್ಕೆ ಬೈದ ನಾನೇ ಸಂಜೆ ಚಪ್ಪಾಳೆ ತಟ್ಟಿದೆ. ಅಲ್ಲಿ ಯಾರೂ ಯಾರಿಗೂ ಜಾತ್ರೆಯೇನೋ ಎಂದು ಕೇಳುತ್ತಿರಲಿಲ್ಲ.

ರೈಲು ನಿಲ್ಲದ ಊರು

ನಮ್ಮೂರಿನಿಂದ ದೆಹಲಿಯ ರೈಲು ಹಿಂದೂಪುರದ ಹಾದಿ ಹಿಡಿಯುತ್ತದೆ. ಗೌರಿಬಿದನೂರು ದಾಟಿದ ಮೇಲೆ ವಿದುರಾಶ್ವತ್ಥ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಎಕ್ಸ್‌ಪ್ರೆಸ್ಸು ಅಲ್ಲಿ ನಿಲ್ಲುವುದಿಲ್ಲ. ಹೋಗುವಾಗ ಕತ್ತಲಾಗಿತ್ತು, ಅಂತ್ಯಾಕ್ಷರಿ ನಡೆದಿತ್ತು, ಯಾರೂ ಗಮನಿಸಲಿಲ್ಲ. ಬರುವಾಗ ಹಗಲು. ಚೀಲಗಳನ್ನೆಲ್ಲ ಕಟ್ಟಿ, ಚಪ್ಪಲಿ ಹುಡುಕುತ್ತ ಕೂತಿದ್ದೆವು. ಕಿಟಕಿಯಲ್ಲಿ ಹಳದಿ ಫಲಕ ಸರಿದುಹೋಯಿತು. ಲೆಕ್ಕದ ಹುಡುಗಿ ಓದಿಕೊಂಡು ನನ್ನ ಕಡೆ ತಿರುಗಿದಳು.

"ಸರ್, ಇಲ್ಲೂ ಆಗಿತ್ತಲ್ವಾ?"

ಆಗಿತ್ತು. 1938ರ ಏಪ್ರಿಲ್ 25. ಮೈಸೂರು ಸಂಸ್ಥಾನದಲ್ಲಿ ಬಾವುಟ ಹಾರಿಸುವುದಕ್ಕಾಗಿ ನಡೆಯುತ್ತಿದ್ದ ಸತ್ಯಾಗ್ರಹದ ದಿನಗಳು. ಮದ್ದೂರಿನ ಬಳಿಯ ಶಿವಪುರದಲ್ಲಿ ಹಾರಿಸಿ ಸುಮಾರು ಎರಡು ವಾರವಾಗಿತ್ತು. ನಿಷೇಧಾಜ್ಞೆಯ ನಡುವೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10, ಜನರ ಲೆಕ್ಕದಲ್ಲಿ ಮೂವತ್ತರ ಮೇಲೆ. ಇಲ್ಲೂ ಎರಡು ಲೆಕ್ಕ, ಇಲ್ಲೂ ಟ್ಯಾಲಿ ಇಲ್ಲ. ಗಾಂಧೀಜಿ ಪಟೇಲರನ್ನೂ ಕೃಪಲಾನಿಯವರನ್ನೂ ಕಳಿಸಿದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದವಾಯಿತು, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಅವಕಾಶ ಸಿಕ್ಕಿತು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಭಾಷಣಗಳಲ್ಲಿ ಕರೆಯುತ್ತಾರೆ. ನಮ್ಮ ಅಜ್ಜಿಗೆ ಆ ಹೆಸರು ಗೊತ್ತಿರಲಿಲ್ಲ. ಅವಳಿಗೆ ಅದು "ಗೋಲಿಬಾರು". ಮನೆಯಲ್ಲಿ ವಯಸ್ಸಿನ ಲೆಕ್ಕ ಬಂದರೆ, "ನಿಮ್ಮ ದೊಡ್ಡತಾತ ಗೋಲಿಬಾರಿಗೆ ಮುಂಚೆ, ಚಿಕ್ಕತಾತ ಗೋಲಿಬಾರಾದ ವರ್ಷ" ಎನ್ನುತ್ತಿದ್ದಳು, ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮ ಸೀಮೆಯೇ ಹಾಗೆ. ಚಿಕ್ಕವನಿದ್ದಾಗ ನಾನು ಗೋಲಿಬಾರೆಂದರೆ ಪ್ಲೇಗು, ಬರ ಇದ್ದ ಹಾಗೆ ಒಂದು ಕಾಯಿಲೆಯ ಹೆಸರು ಅಂದುಕೊಂಡಿದ್ದೆ.

ಕಾಲೇಜಿನಿಂದ ಅಲ್ಲಿಗೆ ಅರ್ಧ ಗಂಟೆಯ ಬಸ್ಸು. ಇಪ್ಪತ್ತೆರಡು ವರ್ಷದಲ್ಲಿ ಒಂದು ತಂಡವನ್ನೂ ಕರೆದುಕೊಂಡು ಹೋಗಿರಲಿಲ್ಲ. ಪಕ್ಕದಲ್ಲೇ ಇದೆಯಲ್ಲ, ಯಾವಾಗ ಬೇಕಾದರೂ ಹೋದರಾಯಿತು ಎಂದು.

ಪೀಪಿ

ಹೋದದ್ದು ಬೇಸಿಗೆಯಲ್ಲಿ, ಜಾತ್ರೆಯ ಅಂಗಡಿಗಳು ಇರುವಾಗ. ಪಟ್ಟಿ ಮಾಡಲಿಲ್ಲ, ಬರುವವರು ಬನ್ನಿ ಎಂದೆ. ಹನ್ನೊಂದು ಜನ ಬಂದರು. ವಿದುರ ನೆಟ್ಟನೆಂದು ಹೇಳುವ ಹಳೆಯ ಅಶ್ವತ್ಥ ಈಗಿಲ್ಲ. ಅದಿದ್ದ ಜಾಗದ ಸುತ್ತ ನೂರಾರು ನಾಗರಕಲ್ಲುಗಳು ಅರಿಶಿನ ಕುಂಕುಮ ಬಳಿದುಕೊಂಡು ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಮಕ್ಕಳಾಗಲೆಂದು ಹರಕೆ ಹೊತ್ತ ಗಂಡ ಹೆಂಡಿರು ಒದ್ದೆ ಬಟ್ಟೆಯಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದರು. ಅಲ್ಲಿಂದ ಹೆಜ್ಜೆಗಳ ದೂರದಲ್ಲಿ ಹುತಾತ್ಮರ ಸ್ತೂಪ, ವೀರಸೌಧ. ಸೌಧದ ಒಳಗೆ ಸ್ವಾತಂತ್ರ್ಯ ಹೋರಾಟದ ಚಿತ್ರಗಳ ಸಾಲು. ಹೊರಗೆ ಮರದ ನೆರಳಲ್ಲಿ ಒಂದು ಸಂಸಾರ ಪುಳಿಯೋಗರೆಯ ಬುತ್ತಿ ಬಿಚ್ಚಿತ್ತು, ಪುಟ್ಟ ಹುಡುಗಿಯೊಂದು ಅಲ್ಲೇ ಕಟ್ಟೆಯ ಮೇಲೆ ಕುಂಟೆಬಿಲ್ಲೆ ಆಡುತ್ತಿತ್ತು. ಯಾರಿಗೂ ಏನೂ ಹೇಳಬೇಕೆನಿಸಲಿಲ್ಲ. 1938ರಲ್ಲೂ ಜನ ನೆರೆದಿದ್ದು ಜಾತ್ರೆಗೇ ಎಂದಷ್ಟೇ ಹೇಳಿದೆ. ಭಾಷಣ ಕೇಳಲು ಬಂದವರು ಯಾರು, ಬಳೆ ಕೊಳ್ಳಲು ಬಂದವರು ಯಾರು ಎಂದು ಗುಂಡು ವಿಚಾರಿಸುವುದಿಲ್ಲ ಎಂದು ಮುಂದೆ ಹೇಳಲು ಹೊರಟವನು, ಅದೂ "ಮಳೆ"ಯ ಜಾತಿಯ ಮಾತೇ ಎನ್ನಿಸಿ ನಿಲ್ಲಿಸಿದೆ.

ಬೈಸಿಕೊಂಡ ಹುಡುಗ ಹನ್ನೊಂದು ಜನರಲ್ಲಿ ಇರಲಿಲ್ಲ. ಬರುವುದಿಲ್ಲವೆಂದು ಗೆಳೆಯನ ಕೈಲಿ ಹೇಳಿ ಕಳಿಸಿದ್ದ. ನಾನು ಅರ್ಥಮಾಡಿಕೊಂಡಿದ್ದೆ, ಅಥವಾ ಹಾಗಂದುಕೊಂಡಿದ್ದೆ. ಅಂಗಡಿ ಸಾಲಿನ ಕೊನೆಗೆ ಬಂದಾಗ, ಬಲೂನು, ಪ್ಲಾಸ್ಟಿಕ್ ಗಾಡಿ, ಗಿರಗಿಟ್ಟೆ, ಪೀಪಿಗಳನ್ನು ನೇತುಹಾಕಿದ್ದ ಒಂದು ಗುಡಾರದೊಳಗೆ ಅವನು ಕೂತಿದ್ದ. ಪಕ್ಕದಲ್ಲಿ ಅವರಪ್ಪ, ಬಲೂನಿಗೆ ಗಾಳಿ ತುಂಬುತ್ತ. ನನ್ನನ್ನು ಕಂಡು ಎದ್ದು ನಿಂತ.

"ಸರ್, ನಾವು ಜಾತ್ರೆ ಮೇಲೇ ಇರೋದು. ಇದು ಮುಗಿದ ಮೇಲೆ ಇನ್ನೊಂದು. ಅದಕ್ಕೇ ಬರೋಕಾಗಲ್ಲ ಅಂದಿದ್ದು."

ಅವರಪ್ಪ ಕೈ ಒರೆಸಿಕೊಂಡು ಕೈಮುಗಿದರು. "ಮೇಷ್ಟ್ರಾ? ಕೂತ್ಕೊಳಿ ಸಾ. ಇವನು ದೂರದ ಊರೆಲ್ಲ ನೋಡ್ಕೊಂಡು ಬಂದ ನಿಮ್ಮಿಂದ. ಅಲ್ಲಿ ಜಾತ್ರೆ ಜನದ ಮೇಲೆ ಗುಂಡು ಹೊಡೆದ್ರಂತಲ್ಲ, ಬಂದ ದಿನ ರಾತ್ರಿಯೆಲ್ಲ ಅದೇ ಹೇಳ್ತಿದ್ದ. ಎಮ್ಮೆಗೂ ಹೊಡೆದ್ರಂತೆ."

ಹುಡುಗ ತಲೆ ತಗ್ಗಿಸಿದ್ದ. ಹಾಗಾದರೆ ಎಮ್ಮೆಯ ಪ್ರಶ್ನೆಯ ಉತ್ತರ ನನಗಿಂತ ಮೊದಲೇ ಅವನಿಗೆ ಗೊತ್ತಿತ್ತು. ನನ್ನನ್ನು ಕೇಳಿದ್ದು ಖಾತ್ರಿಗೆ. ಏನು ಹೇಳುವುದೆಂದು ತಿಳಿಯದೆ ಹನ್ನೊಂದು ಪೀಪಿ ಕೊಡು ಎಂದೆ. ಲೆಕ್ಕದ ಹುಡುಗಿ ಚೌಕಾಸಿಗಿಳಿದಳು, ಒಂದಕ್ಕೆ ಹತ್ತಾದರೆ ಹನ್ನೊಂದಕ್ಕೆ ನೂರು ಮಾಡು ಎಂದು. ಅವನು ಜಗ್ಗಲಿಲ್ಲ. ಪರ್ಸಿನಲ್ಲಿದ್ದ 200ರ ನೋಟು ಕೊಟ್ಟು ಬಿಸಿಲಿಗೆ ಇಳಿದೆ. ಸ್ತೂಪದ ಹತ್ತಿರ ಬರುವಷ್ಟರಲ್ಲಿ ಯಾರೋ ಊದಲು ಶುರುಮಾಡಿದ್ದರು, ಒಬ್ಬರಾದ ಮೇಲೊಬ್ಬರು, ಎಲ್ಲರೂ. ಹಿಂದಿನಿಂದ ಓಡಿ ಬರುವ ಸದ್ದು ಕೇಳಿಸಿತು.

"ಸರ್, ಚಿಲ್ಲರೆ ಬಿಟ್ಟೋದ್ರಿ, ತೊಂಬತ್ತು."